ಹುಲಿಯಪ್ಪನವರ ಶೆಡ್ಡಿನ ನಾಲ್ಕು ಕಾಲು

ಹುಲಿಯಪ್ಪನವರ ಮನೆಯ ಗೋಡೆಗಳಲ್ಲಿ ಒಂದೇ ಒಂದು ಮೊಳೆ ಇರಲಿಲ್ಲ. ಅವರ ಎದುರು ಮನೆಗೆ ನಾವು ಬಾಡಿಗೆಗೆ ಬಂದ ಹೊಸದರಲ್ಲಿ ನಾನು ಮೊದಲು ಗಮನಿಸಿದ್ದು ಇದನ್ನೇ. ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ದಾರದಿಂದ ಕಟ್ಟಿದ್ದರು. ದೇವರ ಪಟಗಳು ಹಲಗೆಯೊಂದರ ಮೇಲೆ ಗೋಡೆಗೆ ಒರಗಿ ನಿಂತಿದ್ದವು. ಗಡಿಯಾರ ಫ್ರಿಜ್ಜಿನ ಮೇಲೆ ಮಲಗಿತ್ತು. ಟೈಮು ಬೇಕಾದವರು ಹತ್ತಿರ ಹೋಗಿ ಬಗ್ಗಿ ನೋಡಬೇಕು. ಅಂಗಳದಲ್ಲಿ ಗಿಡಗಳೇನೋ ಬೇಕಾದಷ್ಟಿದ್ದವು. ಆದರೆ ಮಲ್ಲಿಗೆ ಎಣ್ಣೆ ಡಬ್ಬದಲ್ಲಿ, ದಾಸವಾಳ ಒಡೆದ ಬಕೆಟ್ಟಿನಲ್ಲಿ, ಆಳೆತ್ತರದ ಕರಿಬೇವು ಒಂದು ತಗಡಿನ ಡ್ರಮ್ಮಿನಲ್ಲಿ. ನೆಲದಲ್ಲಿ ಒಂದು ತುಳಸಿ ಕೂಡ ಇರಲಿಲ್ಲ.

ಇವರೂ ನಮ್ಮ ಹಾಗೆ ಬಾಡಿಗೆಯವರಿರಬೇಕು ಎಂದುಕೊಂಡಿದ್ದೆ. ಸೈಟು, ಮನೆ ಎರಡೂ ಅವರದೇ ಎಂದು ತಿಳಿದದ್ದು ಅವರ ಹೆಂಡತಿ ದ್ಯಾಮಮ್ಮನಿಂದ.

"ನಮ್ದೇ ಮನೆ ಸಾರ್. ಪತ್ರ ಎಲ್ಲಾ ನಮ್ಮ ಹೆಸರಲ್ಲೇ ಐತೆ. ಆದ್ರೆ ಇವ್ರಿಗೆ ಅದು ಇನ್ನೂ ಗೊತ್ತಾಗಿಲ್ಲ."

ಹುಲಿಯಪ್ಪ ಜಗಲಿಯಲ್ಲೇ ಕೂತು ಬೀಡಿ ಹಚ್ಚುತ್ತಿದ್ದರು. "ಮೊಳೆ ಹೊಡೆದ್ರೆ ತೂತು ಬೀಳುತ್ತಲ್ಲ ಮಾರಾಯ್ತಿ," ಎಂದರು.

"ಬೀಳ್ಲಿ. ಯಾರು ಬಂದು ಎಣಿಸ್ತಾರೆ?"

ಒಂದು ಕಾಲದಲ್ಲಿ ನಿಜವಾಗಿ ಎಣಿಸುವವರಿದ್ದರು. ಮದುವೆಯಾದ ವರ್ಷದಿಂದ ತಲೆಯ ಕೂದಲು ಪೂರ್ತಿ ನರೆಯುವವರೆಗೆ ಈ ಇಬ್ಬರೂ ಬಾಳಿದ್ದು ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ. ಹುಲಿಯಪ್ಪ ಕಾಗದದ ಕಾರ್ಖಾನೆಯಲ್ಲಿ ಹಾಳೆ ಕತ್ತರಿಸುವ ವಿಭಾಗದಲ್ಲಿದ್ದರು. ಕ್ವಾರ್ಟರ್ಸಿನ ನಿಯಮ ಸರಳವಾಗಿತ್ತು: ಮನೆಗೆ ಏನನ್ನಾದರೂ ಸೇರಿಸಿದರೆ, ಬಿಡುವ ದಿನ ಅದನ್ನು ತೆಗೆದು, ಮನೆ ಮೊದಲು ಹೇಗಿತ್ತೋ ಹಾಗೆ ಒಪ್ಪಿಸಬೇಕು. ಎಲ್ಲರೂ ಈ ನಿಯಮವನ್ನು ಅಷ್ಟೋ ಇಷ್ಟೋ ಪಾಲಿಸುತ್ತಿದ್ದರು. ಹುಲಿಯಪ್ಪ ಮಾತ್ರ ಅದರಲ್ಲಿ ಪರಿಣತರೇ ಆಗಿಬಿಟ್ಟರು. ಕೋಳಿ ಗೂಡು, ಬಚ್ಚಲಿನ ತಟ್ಟಿ, ಸ್ಕೂಟರಿನ ಮೇಲಿನ ಚಪ್ಪರ, ಎಲ್ಲವೂ ನಟ್ಟು, ಬೋಲ್ಟು, ಕೊಕ್ಕೆ, ಹಗ್ಗದಲ್ಲಿ. ಕಾರ್ಖಾನೆ ನಿಂತು ಜನ ಒಬ್ಬೊಬ್ಬರಾಗಿ ಕ್ವಾರ್ಟರ್ಸು ಬಿಡುವಾಗ ಪಕ್ಕದವರಿಗೆಲ್ಲ ಗಾರೆ ಮೆತ್ತಿ ತೂತು ಮುಚ್ಚುವುದಕ್ಕೇ ವಾರ ಹಿಡಿಯಿತಂತೆ. ಇವರ ಮನೆ ಒಂದು ಬೆಳಗಿನಲ್ಲಿ ಬಿಚ್ಚಿಕೊಂಡು ಲಾರಿ ಹತ್ತಿತು.

ಶಿವಮೊಗ್ಗಕ್ಕೆ ಬಂದು ಅವರು ಕಟ್ಟಿಸಿಕೊಂಡ ಚಿಕ್ಕ ಮನೆ ಸಾಗರ ರಸ್ತೆಯ ಕಡೆಗಿನ ಬಡಾವಣೆಯಲ್ಲಿದೆ. ಗಾಳಿ ಆ ದಿಕ್ಕಿನಿಂದ ಬೀಸಿದ ಬೆಳಗುಗಳಲ್ಲಿ ಇಲ್ಲಿಗೆ ತ್ಯಾವರೆಕೊಪ್ಪದ ಹುಲಿ-ಸಿಂಹಧಾಮದ ಸಿಂಹಗಳ ಕೂಗು ಸಣ್ಣಗೆ ಕೇಳಿಸುತ್ತದೆ. ಮನೆಯ ಮುಂದೆ ಸಾಕಷ್ಟು ಖಾಲಿ ಜಾಗ ಬಿಟ್ಟಿದ್ದರು, ಯಂತ್ರಕ್ಕಾಗಿ.

ಅದು ಅಡಿಕೆ ಸುಲಿಯುವ ಯಂತ್ರ. ಎರಡು ಚಕ್ರದ ಗಾಡಿಯ ಮೇಲೆ ಕೂರಿಸಿದ್ದು. ಮೇಲಿನ ಬಾಯಿಗೆ ಹಸಿ ಅಡಿಕೆ ಸುರಿದರೆ ಒಂದು ಕಡೆ ಸಿಪ್ಪೆ, ಇನ್ನೊಂದು ಕಡೆ ತಿರುಳು ಬೀಳುತ್ತದೆ. ಕೊಯ್ಲಿನ ಕಾಲದಲ್ಲಿ ಪಿಕಪ್ ಗಾಡಿಯ ಹಿಂದೆ ಅದನ್ನು ಕಟ್ಟಿಕೊಂಡು ಗಂಡ ಹೆಂಡತಿ ಇಬ್ಬರೂ ರೈತರ ಕಣಗಳಿಗೆ ಹೋಗುತ್ತಿದ್ದರು. ಯಂತ್ರ ನಡೆಸುವುದು ಹುಲಿಯಪ್ಪ. ಯಾವ ದಿನ ಯಾರ ಮನೆ ಎಂದು ಫೋನಿನಲ್ಲಿ ಹೊಂದಿಸುವುದು, ಒಪ್ಪಿದ ದಿನವನ್ನು ತಪ್ಪಿಸಿದವರಿಗೆ ಬೈಯುವುದು ದ್ಯಾಮಮ್ಮ. ಕಾರ್ಖಾನೆ ನಿಂತ ಮೇಲೆ ಅವರ ಊಟ ಬಟ್ಟೆಯೆಲ್ಲ ನಡೆದದ್ದು ಈ ಯಂತ್ರದಿಂದಲೇ.

ಕೊಯ್ಲು ಮುಗಿದ ಮೇಲೆ ಮಳೆಗಾಲ ಕಳೆಯುವವರೆಗೆ ಯಂತ್ರಕ್ಕೆ ರಜೆ. ಆಗ ಅದು ಅಂಗಳದಲ್ಲಿ ಟಾರ್ಪಾಲು ಹೊದ್ದು ನಿಲ್ಲುತ್ತಿತ್ತು. ತೊಂದರೆ ಇದ್ದದ್ದು ಆ ಟಾರ್ಪಾಲಿನಲ್ಲೇ. ಮೇಲಿನಿಂದ ಬೀಳುವ ನೀರನ್ನು ಅದು ತಡೆಯುತ್ತದೆ, ನಿಜ. ಆದರೆ ಒದ್ದೆ ನೆಲದಿಂದ ಏಳುವ ಆವಿಯನ್ನು ಒಳಗೇ ಹಿಡಿದಿಡುತ್ತದೆ. ರಾತ್ರಿ ತಂಪಾದಾಗ ಆ ಆವಿ ಕಬ್ಬಿಣದ ಮೇಲೆ ಹನಿಯಾಗುತ್ತದೆ. ಗಾಳಿಯಾಡದೆ ಮುಚ್ಚಿಟ್ಟ ಯಂತ್ರ ಒಂದೊಂದು ಸಲ ಮಳೆಯಲ್ಲಿ ನೆನೆದ ಯಂತ್ರಕ್ಕಿಂತ ಬೇಗ ತುಕ್ಕು ಹಿಡಿಯುತ್ತದೆ.

ಹೋದ ವರ್ಷ ಆದದ್ದು ಅದೇ. ಹೊಳೆಹೊನ್ನೂರು ಕಡೆಯ ಉಜ್ಜನಪ್ಪ ಎಂಬ ತೋಟದ ಯಜಮಾನರು ಇವರ ಹಳೆಯ ಗಿರಾಕಿ. ಅವರ ಅಣ್ಣತಮ್ಮಂದಿರು, ಬೀಗರು ಎಲ್ಲ ಅವರು ಕರೆಸಿದ ಯಂತ್ರವನ್ನೇ ಕರೆಸುತ್ತಿದ್ದರು. ಅವರ ಕಣದಲ್ಲಿ ಮೊದಲ ದಿನವೇ ಯಂತ್ರದ ಬೇರಿಂಗು ಕಚ್ಚಿಕೊಂಡು ನಿಂತಿತು. ಕೊಯ್ದ ಅಡಿಕೆಯನ್ನು ಬಹಳ ದಿನ ಇಡುವಂತಿಲ್ಲ. ಉಜ್ಜನಪ್ಪ ಬೇರೆಯವರ ಯಂತ್ರ ತರಿಸಿ ಕೆಲಸ ಮುಗಿಸಿದರು. ಹುಲಿಯಪ್ಪ ದಂಪತಿಗೆ ಊಟ ಹಾಕಿಯೇ ಕಳಿಸಿದರು; ಕಳಿಸುವಾಗ ಹೇಳಿದರು:

"ಹುಲಿಯಪ್ಪ, ನಿನ್ನ ಮೇಲೆ ನಂಗೇನೂ ಬೇಜಾರಿಲ್ಲ ಮಾರಾಯ. ಆದ್ರೆ ಅಡಿಕೆ ಕಾಯಲ್ಲ. ಮುಂದಿನ ಮಳೆಗಾಲ ಮಷೀನ್ ಒಣಗಿರೋ ಜಾಗದಲ್ಲಿ ನಿಂತಿತ್ತು ಅಂತ ನೀನು ಹೇಳಿದ್ರೆ ಬರೋ ವರ್ಷ ನಿಂಗೇ ಫೋನ್ ಮಾಡ್ತೀನಿ. ಇಲ್ದಿದ್ರೆ ಬೇರೆಯವರನ್ನ ನೋಡ್ಕೋತೀನಿ."

ಹಾಗಾಗಿ ಶೆಡ್ಡು ಬೇಕಾಯಿತು. ಕಾರು ನಿಲ್ಲಿಸಲು ಜನ ಹಾಕಿಸುವಂಥದ್ದು: ನಾಲ್ಕು ಕಂಬ, ಮೇಲೆ ಬಾಗಿದ ತಗಡು, ಸುತ್ತ ಗೋಡೆಯಿಲ್ಲ. ಮಳೆ ತಡೆಯುತ್ತದೆ, ಗಾಳಿಯಾಡುತ್ತದೆ. ಶಿವಮೊಗ್ಗದಲ್ಲೇ ಮಾಡುವವರು ಬೇಕಾದಷ್ಟಿದ್ದರೂ ಕಬ್ಬಿಣದ ಕೆಲಸಕ್ಕೆ ಭದ್ರಾವತಿಯ ಕೈಯೇ ಆಗಬೇಕೆಂಬುದು ಹುಲಿಯಪ್ಪನವರ ಹಟ. ಅಳತೆ ಹಿಡಿಯಲು ಒಬ್ಬರು ಬೇಕೆಂದು ನನ್ನನ್ನೂ ಕರೆದುಕೊಂಡು ಹೋದರು.

ಕಾಂತರಾಜ್ ಎಂಬುವರ ವೆಲ್ಡಿಂಗ್ ಶಾಪು ಅದು. ಅವರ ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದವರು, ಮನೆಮಾತು ತಮಿಳು. ಮಾಡಿಟ್ಟ ಶೆಡ್ಡೊಂದನ್ನು ತೋರಿಸಿ, ತಗಡಿನ ದಪ್ಪ, ಪೈಪಿನ ಗೇಜು ಎಲ್ಲ ವಿವರಿಸಿದರು. ಹುಲಿಯಪ್ಪ ತಗಡಿನ ಅಂಚನ್ನು, ಹಿಂದೆ ಕಾಗದದ ಅಂಚನ್ನು ಸವರುತ್ತಿದ್ದ ಹಾಗೆ, ಹೆಬ್ಬೆರಳಿನಿಂದ ಸವರಿದರು. ಆಮೇಲೆ ಕೇಳಿದರು:

"ಇದನ್ನ ಬಿಚ್ಚೋಕೆ ಬರುತ್ತಾ?"

ಕಾಂತರಾಜ್ ಕನ್ನಡಕ ಹಣೆಗೇರಿಸಿದರು. "ಏನಣ್ಣಾ, ಎಲ್ಲಾರೂ ಗಾಳಿಗೆ ನಿಲ್ಲುತ್ತಾ ಅಂತ ಕೇಳ್ತಾರೆ. ನೀವು ಹಾಕೋ ಮುಂಚೇನೇ ಬಿಚ್ಚೋದು ಕೇಳ್ತೀರಲ್ಲ!"

"ಅಲ್ಲಪ್ಪ, ನಾಳೆ ಏನಾರ ಬಿಡು ಅಂದ್ರೆ..."

"ಯಾರಣ್ಣಾ ಬಿಡು ಅನ್ನೋರು? ಸೈಟ್ ಯಾರ್ದು?"

"ನಂದೇ."

"ಮತ್ತೆ ನೀವೇ ನಿಮಗೆ ಬಿಡು ಅಂದ್ಕೋತೀರಾ?"

ಶಾಪಿನ ಹುಡುಗರು ನಕ್ಕರು. ಹುಲಿಯಪ್ಪನವರೂ ನಕ್ಕರು. ಆದರೆ ವೆಲ್ಡಿಂಗ್ ಬೇಡ, ನಟ್ಟು ಬೋಲ್ಟೇ ಇರಲಿ ಎಂಬ ಮಾತನ್ನು ಮಾತ್ರ ಬಿಡಲಿಲ್ಲ. ತಗಡಿನ ಬಣ್ಣ ಯಾವುದಿರಲಿ ಎಂದು ದ್ಯಾಮಮ್ಮನಿಗೆ ಫೋನು ಹೋಯಿತು. "ನೀಲಿ ಬೇಡ, ಟಾರ್ಪಾಲು ನೋಡಿ ನೋಡಿ ಸಾಕಾಗೈತೆ," ಎಂದು ಅವರು ಇಟ್ಟಿಗೆ ಬಣ್ಣ ಆರಿಸಿದರು.

ಏಪ್ರಿಲ್ ತಿಂಗಳ ಒಂದು ಭಾನುವಾರ ಕಂಬ, ತಗಡು ಎಲ್ಲ ಬಂದಿಳಿದವು. ಕಾಂತರಾಜ್ ನಾಲ್ಕು ಮೂಲೆಗೆ ಸುಣ್ಣದ ಗುರುತು ಹಾಕಿ ಹಾರೆ ಎತ್ತಿದ್ದೇ, ಹುಲಿಯಪ್ಪ ಅಡ್ಡ ಬಂದರು. ನೆಲ ಅಗೆಯುವುದು ಬೇಡ. ಅವರು ಅದಕ್ಕೆ ತಯಾರಿ ಮಾಡಿಟ್ಟುಕೊಂಡಿದ್ದರು: ದೊಡ್ಡ ಪೇಂಟ್ ಡಬ್ಬಗಳು, ನಾಲ್ಕು. ಕಂಬದ ಕಾಲನ್ನು ಡಬ್ಬದೊಳಗೆ ನಿಲ್ಲಿಸಿ ಕಾಂಕ್ರೀಟು ತುಂಬುವುದು. ಡಬ್ಬ ನೆಲದ ಮೇಲೆ ಕೂರುವುದು.

"ಅಣ್ಣಾ, ಇದು ಶೆಡ್ಡಾ, ಸರ್ಕಸ್ ಟೆಂಟಾ?"

"ಭಾರ ಇರುತ್ತಲ್ಲೋ."

ನಾನು ಒಂದು ಕಾಗದದಲ್ಲಿ ಲೆಕ್ಕ ಹಾಕಿ ತೋರಿಸಿದೆ. ಬಾಗಿದ ತಗಡಿನ ಮೇಲೆ ಗಾಳಿ ಬೀಸಿದಾಗ ಅದು ಮೇಲಕ್ಕೆ ಎಳೆಯುತ್ತದೆ. ಗಾಳಿಯ ವೇಗ ಎರಡರಷ್ಟಾದರೆ ಆ ಎಳೆತ ನಾಲ್ಕರಷ್ಟಾಗುತ್ತದೆ. ಸಾಧಾರಣ ಗಾಳಿಗೆ ಡಬ್ಬಗಳ ಭಾರ ಸಾಕು, ಮಳೆಗಾಲಕ್ಕೆ ಮುಂಚಿನ ಬಿರುಗಾಳಿಗೆ ಸಾಲದು. ಹುಲಿಯಪ್ಪ ಪೂರ್ತಿ ಕೇಳಿಸಿಕೊಂಡರು, ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡರು. "ಲೆಕ್ಕ ಸರಿ ಐತೆ ಸಾರ್," ಎಂದರು. ಡಬ್ಬಗಳಿಗೆ ಕಾಂಕ್ರೀಟು ತುಂಬಿಸಿದರು.

ಕಾಂಕ್ರೀಟು ಗಟ್ಟಿಯಾದ ಮೇಲೆ ಇಟ್ಟಿಗೆ ಬಣ್ಣದ ಮಾಡು ಎದ್ದು ನಿಂತಿತು. ಯಂತ್ರವನ್ನು ಅದರಡಿ ತಂದು ನಿಲ್ಲಿಸಿ ದ್ಯಾಮಮ್ಮ ಅರಿಶಿನ ಕುಂಕುಮ ಹಚ್ಚಿದರು, ನಿಂಬೆಹಣ್ಣು ಇಟ್ಟರು. ಮಲ್ಲಿಗೆ ಎಣ್ಣೆ ಡಬ್ಬದಲ್ಲಿ, ಕರಿಬೇವು ಡ್ರಮ್ಮಿನಲ್ಲಿ, ಶೆಡ್ಡು ಪೇಂಟ್ ಡಬ್ಬದಲ್ಲಿ. "ಬಿಡು, ಇದಕ್ಕೂ ದಿನಾ ಒಂದು ಚೊಂಬು ನೀರು ಹಾಕ್ತೀನಿ," ಎಂದರು ದ್ಯಾಮಮ್ಮ.

ಮೇ ಮಧ್ಯದ ಒಂದು ಮಧ್ಯಾಹ್ನ ಗಾಳಿ ಬಂತು. ಮೊದಲು ಬೀದಿಯ ಧೂಳು ಎದ್ದಿತು, ಆಮೇಲೆ ಆಲಿಕಲ್ಲು. ನಾನು ಕಿಟಕಿಯಲ್ಲಿ ನಿಂತಿದ್ದೆ. ಶೆಡ್ಡಿನ ಒಂದು ಪಕ್ಕ ನಿಧಾನವಾಗಿ, ಯಾರೋ ಮುಚ್ಚಳ ಎತ್ತಿದ ಹಾಗೆ, ಮೇಲೆದ್ದಿತು. ಎರಡು ಡಬ್ಬಗಳು ನೆಲ ಬಿಟ್ಟು ತೂಗಾಡಿದವು. ಇನ್ನೆರಡು ನೆಲ ಗೀರುತ್ತ ಅರ್ಧ ಸುತ್ತು ತಿರುಗಿದವು. ಇಡೀ ಶೆಡ್ಡು ನಡೆದುಕೊಂಡು ಹೋಗಿ ಕಾಂಪೌಂಡಿನ ಮೇಲೆ ಗಲ್ಲ ಊರಿ ನಿಂತಿತು. ಯಂತ್ರ ಮಾಡಿಲ್ಲದೆ ಬಯಲಲ್ಲಿ ಉಳಿಯಿತು.

ನಾನು ಓಡಿ ಹೋಗುವಷ್ಟರಲ್ಲಿ ಇಬ್ಬರೂ ಆ ಮಳೆಯಲ್ಲಿ ಹಳೆಯ ನೀಲಿ ಟಾರ್ಪಾಲನ್ನು ಯಂತ್ರದ ಮೇಲೆ ಎಳೆದು, ಎರಡು ತುದಿಯಲ್ಲಿ ನೇತಾಡುತ್ತಿದ್ದರು. ಹುಲಿಯಪ್ಪನವರ ಬೆನ್ನ ಮೇಲೆ ಆಲಿಕಲ್ಲು ಟಪಟಪ ಬೀಳುತ್ತಿತ್ತು. "ನೀನು ಒಳಗೆ ಹೋಗೇ!" ಎಂದು ಅವರು ಕೂಗಿದರು. "ನಾ ಹೋದ್ರೆ ಈ ತುದಿ ನಿಮ್ಮಪ್ಪ ಹಿಡಿತಾನಾ?" ಎಂದು ದ್ಯಾಮಮ್ಮನೂ ಕೂಗಿದರು.

ಮಳೆ ನಿಂತ ಮೇಲೆ ಬೀದಿಯವರೆಲ್ಲ ಸೇರಿದರು. ಮೂಲೆ ಮನೆಯ ಮಂಜಪ್ಪ ಬಾಯಿ ಮುಚ್ಚಿಕೊಂಡಿರುವ ಜನವಲ್ಲ. "ಹುಲಿಯಪ್ಪ, ನಿನ್ನ ಶೆಡ್ಡು ತ್ಯಾವರೆಕೊಪ್ಪಕ್ಕೆ ಹುಲಿ ನೋಡೋಕೆ ಹೊರಟಿತ್ತು ಕಣೋ. ಕಾಂಪೌಂಡ್ ಇಲ್ದಿದ್ರೆ ಟಿಕೆಟ್ ತಗೊಂಡೇ ಬಿಡೋದು."

"ಬಿಚ್ಚೋಕೆ ಬರಬೇಕು ಅಂದಿದ್ರಲ್ಲ," ಎಂದರು ದ್ಯಾಮಮ್ಮ ಸೆರಗು ಹಿಂಡುತ್ತ. "ಅದೇ ಬಿಚ್ಕೊಂಡು ಹೋಯ್ತು."

ಯಂತ್ರಕ್ಕೆ ಹೆಚ್ಚೇನೂ ಆಗಿರಲಿಲ್ಲ. ತೂಗಾಡಿದ ಡಬ್ಬ ತಾಗಿ ಬೆಲ್ಟಿನ ಮುಚ್ಚಳ ನೆಗ್ಗಿತ್ತು. ಆದರೆ ಮಳೆಗಾಲ ಹತ್ತಿರದಲ್ಲೇ ಇತ್ತು. ಕಾಂತರಾಜ್ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟರು: "ಗುಂಡಿ ತೆಗೆಯೋದಾದ್ರೆ ನಾಳೆನೇ ಬರ್ತೀನಿ. ಡಬ್ಬದ ಮೇಲೆ ಆದ್ರೆ ನಾನು ಕೈ ಹಾಕಲ್ಲ ಅಣ್ಣಾ. ಇನ್ನೊಂದ್ಸಲ ಎದ್ದು ಯಾರ ತಲೆ ಮೇಲಾದ್ರೂ ಕೂತ್ರೆ?"

ಹುಲಿಯಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಒಂದು ವಾರ ಕಳೆಯಿತು. ಶೆಡ್ಡನ್ನು ಬಿಚ್ಚಿ ಕಂಬ, ತಗಡನ್ನು ಗೋಡೆಗೆ ಒರಗಿಸಿದರು. ಗೂಟ, ಹಗ್ಗ ತಂದು ಏನೇನೋ ಕಟ್ಟಿ ನೋಡಿದರು. ಸಂಜೆ ನಾನು ಹೋದಾಗ ದ್ಯಾಮಮ್ಮ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಗಂಡ ಗೂಟಕ್ಕೆ ಹಗ್ಗ ಸುತ್ತುವುದನ್ನು ಸ್ವಲ್ಪ ಹೊತ್ತು ನೋಡಿ, ಸೊಪ್ಪಿನ ಮೊರ ಪಕ್ಕಕ್ಕಿಟ್ಟರು.

"ಆ ಹಲಸಿನ ಮರ ಬಿಟ್ಟು ಬಂದಿದ್ದಕ್ಕೆ ನಿಮಗೊಬ್ಬರಿಗೇ ಹೊಟ್ಟೆ ಉರೀತು ಅಂದ್ಕೊಂಡ್ರಾ?"

ಹಗ್ಗ ಸುತ್ತುವ ಕೈ ನಿಂತಿತು.

ಆಗ ನನಗೆ ತಿಳಿಯಿತು. ಕ್ವಾರ್ಟರ್ಸಿನ ಹಿತ್ತಲಿನಲ್ಲಿ ಹುಲಿಯಪ್ಪ ಒಂದೇ ಒಂದು ಸಲ, ಮದುವೆಯಾದ ಹೊಸದರಲ್ಲಿ, ನೆಲಕ್ಕೆ ಗಿಡ ಹಾಕಿದ್ದರು. ಹಲಸು ಬೆಳೆಯಿತು, ಕಾಯಿ ಬಿಟ್ಟಿತು, ಬೀದಿಗೆಲ್ಲ ಹಂಚಿದರು. ಮನೆ ಬಿಟ್ಟ ಬೆಳಿಗ್ಗೆ ಬೇರೆ ಎಲ್ಲ ಬಿಚ್ಚಿ ಲಾರಿಗೆ ಹಾಕಿದರು. ಬಿಚ್ಚಲು ಬಾರದೆ ಹಿಂದೆ ಉಳಿದದ್ದು ಅದೊಂದು, ಬುಡದವರೆಗೆ ಕಾಯಿ ಹೊತ್ತುಕೊಂಡು.

"ನಂಗೂ ಉರೀತು," ಎಂದರು ದ್ಯಾಮಮ್ಮ. "ಆದ್ರೆ ಆ ಮನೆ ನಮ್ದಲ್ಲ, ಬಿಟ್ವಿ. ಇದು ನಮ್ದು. ಇಲ್ಲೂ ಹೊರಡೋಕೆ ತಯಾರಾಗೇ ಕೂತಿದ್ರೆ, ನಾವು ಇರೋದು ಯಾವಾಗ ಹೇಳಿ? ಆ ಮಷೀನ್ ಹೋದ್ರೆ ಊಟ ಹೋಗುತ್ತೆ. ನಿಮ್ಮ ಒಂದು ಗುಂಡಿ ಭಯಕ್ಕೆ."

ಹುಲಿಯಪ್ಪ ಗೂಟಗಳನ್ನು ಕಿತ್ತರು. ಕಿತ್ತ ತೂತುಗಳಿಗೆ ಅಭ್ಯಾಸದಂತೆ ಕಾಲಿನಿಂದ ಮಣ್ಣು ತಳ್ಳಿ ಮುಚ್ಚಿದರು. ಮಾರನೆಯ ದಿನ ಕಾಂತರಾಜ್ ಅವರಿಗೆ ಫೋನು ಮಾಡಿದರು. ಆದರೂ ಅವರ ಮುಖ ನೋಡಿದರೆ, ಕೊನೇ ಗಳಿಗೆಯಲ್ಲಿ ಮತ್ತೆ ಬೇಡ ಎನ್ನುತ್ತಾರೇನೋ ಎಂದು ನನಗೆ ಅನುಮಾನವಿತ್ತು.

ಕಾಂತರಾಜ್ ಬಂದು ಗುರುತು ಹಾಕಿದರು. ನಾಲ್ಕನೆಯ ಗುಂಡಿ ಬರುವ ಜಾಗಕ್ಕೆ ಕರಿಬೇವಿನ ಡ್ರಮ್ಮು ತಾಗಿಕೊಂಡಿತ್ತು. ಡಬ್ಬದ ಕಾಲಾದರೆ ಪಕ್ಕದಲ್ಲಿ ಹೇಗೋ ಕೂತಿತ್ತು. ಗುಂಡಿಗೆ ಅಗಲ ಬೇಕು.

"ಅದೇನು, ಡ್ರಮ್ಮಲ್ಲವಾ? ಸರಿಸಿದ್ರಾಯ್ತು," ಎಂದು ಹುಲಿಯಪ್ಪ ಹೋಗಿ ಅಪ್ಪಿ ಹಿಡಿದು ಎತ್ತಿದರು. ಡ್ರಮ್ಮು ಅಲ್ಲಾಡಲಿಲ್ಲ. ಕಾಂತರಾಜ್ ಒಂದು ಕಡೆ, ನಾನು ಒಂದು ಕಡೆ ಕೈ ಕೊಟ್ಟೆವು. ಗಿಡದ ತಲೆ ತೂಗಿತು, ಬುಡ ಕದಲಲಿಲ್ಲ.

"ಮಣ್ಣಿನ ಭಾರ," ಎಂದರು ಹುಲಿಯಪ್ಪ. ಕಾಂತರಾಜ್ ತಗಡು ಕತ್ತರಿ ತಂದು ಡ್ರಮ್ಮಿನ ಪಕ್ಕವನ್ನು ಕೆಳಗಿನವರೆಗೆ ಸೀಳಿ ಬಿಡಿಸಿದರು. ಹುಲಿಯಪ್ಪ ಮಂಡಿಯೂರಿ ಕೂತು ಬುಡದ ಮಣ್ಣನ್ನು ಕೈಯಿಂದ ಕೆರೆದರು.

ಡ್ರಮ್ಮಿಗೆ ತಳವೇ ಇರಲಿಲ್ಲ. ಯಂತ್ರದ ಬೇರಿಂಗನ್ನು ತಿಂದ ತುಕ್ಕೇ ಅದನ್ನೂ ತಿಂದು ಮುಗಿಸಿತ್ತು. ಹೆಬ್ಬೆರಳಿಗಿಂತ ದಪ್ಪನೆಯ ಬೇರೊಂದು ನೇರ ಅಂಗಳದ ನೆಲಕ್ಕೆ ಇಳಿದಿತ್ತು, ಅದರ ಸುತ್ತ ಸಣ್ಣ ಬೇರುಗಳು. ಇವತ್ತು ನಿನ್ನೆಯದಲ್ಲ. ವರ್ಷಗಳಿಂದ ಆ ಗಿಡ ಡ್ರಮ್ಮಿನಲ್ಲಿದ್ದಂತೆ ಕಾಣುತ್ತ ನೆಲದಲ್ಲೇ ಬೆಳೆದಿತ್ತು.

ಹುಲಿಯಪ್ಪ ಆ ಬೇರನ್ನು ಮುಟ್ಟಿ, ಕೈ ಹಿಂದೆಗೆದು, ಮತ್ತೆ ಮುಟ್ಟಿದರು.

"ಇದು ಯಾವಾಗ ಇಳೀತೇ?"

ದ್ಯಾಮಮ್ಮ ಅವರ ಹಿಂದೆ ನಿಂತು ಇಣುಕುತ್ತಿದ್ದರು. "ನನ್ನನ್ನೇನು ಕೇಳಿ ಇಳೀತಾ? ನಿಮ್ಮನ್ನ ಕೇಳಿದ್ರೆ ಬೇಡ ಅಂತಿದ್ರಿ, ಅದಕ್ಕೇ ಕೇಳಿಲ್ಲ."

"ಬೇರು ಕಡಿದ್ರೆ ಮುಗೀತು ಅಣ್ಣಾ," ಎಂದರು ಕಾಂತರಾಜ್, ಕೊಡಲಿಗೆ ಕೈ ಚಾಚುತ್ತ. "ಬೇರೆ ಕಡೆ ನೆಟ್ರೆ ಬಂದ್ರೂ ಬರುತ್ತೆ."

"ಮುಟ್ಟಬೇಡ." ಹುಲಿಯಪ್ಪ ಎದ್ದು ನಿಂತರು. "ಗುಂಡಿ ಆ ಕಡೆ ಹಾಕು."

"ಒಂದು ಕಾಲು ಸರಿದ್ರೆ ನಾಲ್ಕೂ ಸರೀಬೇಕಾಗುತ್ತೆ. ಗೇಟಿಗೆ ನೇರ ಬರಲ್ಲ. ಮಷೀನ್ ಸೊಟ್ಟ ಒಳಗೆ ತಗೋಬೇಕಾಗುತ್ತೆ, ನೋಡಿ."

"ಸೊಟ್ಟ ತಗೋತೀನಿ. ಕಬ್ಬಿಣ ಸರಿಸಬಹುದಪ್ಪ. ಇದನ್ನ ಸರಿಸೋಕಾಗಲ್ಲ."

ಹೊಸ ಗುರುತುಗಳನ್ನು ಅವರೇ ಹಾಕಿದರು. ಹಾರೆಯನ್ನೂ ಕಾಂತರಾಜ್ ಕೈಯಿಂದ ತೆಗೆದುಕೊಂಡರು. ಮೊದಲ ಏಟು ಹಾಕುವ ಮುಂಚೆ ಒಂದು ಕ್ಷಣ ನಿಂತದ್ದು ನಿಜ. ಆಮೇಲೆ ನಿಲ್ಲಲಿಲ್ಲ. ಮೊಣಕಾಲು ಮುಳುಗುವಷ್ಟಾಯಿತು, ತೊಡೆ ಮುಟ್ಟುವಷ್ಟಾಯಿತು.

"ಸಾಕಣ್ಣಾ, ಶೆಡ್ ಹಾಕ್ತಿರೋದು, ಬಾವಿ ತೋಡ್ತಿಲ್ಲ!"

"ಇನ್ನೊಂದು ಗೇಣು ಹೋಗ್ಲಿ," ಎಂದರು ಹುಲಿಯಪ್ಪ ಗುಂಡಿಯೊಳಗಿನಿಂದ.

ಡಬ್ಬ ಸಮೇತ ಕಂಬಗಳನ್ನು ಗುಂಡಿಯಲ್ಲಿ ನಿಲ್ಲಿಸಿ ಕಾಂಕ್ರೀಟು ಹಾಕಿಯಾದ ಮೇಲೆ ಕಾಂತರಾಜ್ ಮೇಲಿನ ಕಮಾನುಗಳನ್ನು ತೋರಿಸಿ ಕೇಳಿದರು: "ಈಗಲಾದ್ರೂ ವೆಲ್ಡ್ ಹೊಡೀಲಾ?"

ಹುಲಿಯಪ್ಪ ಯೋಚಿಸಿದರು. "ಕಾಲು ನೆಲದಲ್ಲಿ ಐತಲ್ಲ. ಮೇಲೆ ನಟ್ಟೇ ಇರ್ಲಿ."

ಆ ಮಳೆಗಾಲ ಜೋರಾಗಿತ್ತು. ಶೆಡ್ಡು ಎಲ್ಲಿಗೂ ನಡೆದುಹೋಗಲಿಲ್ಲ. ಯಂತ್ರದ ಮೇಲೆ ಗಾಳಿಯಾಡಿತು. ಹುಲಿಯಪ್ಪ ವಾರಕ್ಕೊಮ್ಮೆ ಗ್ರೀಸು ಹಚ್ಚಿ ಕೈಯಿಂದ ಒಂದೆರಡು ಸುತ್ತು ತಿರುಗಿಸಿ ಇಡುತ್ತಿದ್ದರು. ತಗಡಿನಿಂದ ಇಳಿಯುವ ನೀರು ನೇರ ಕರಿಬೇವಿನ ಬುಡಕ್ಕೆ ಬೀಳುತ್ತಿತ್ತು. ಸೀಳಿದ ಡ್ರಮ್ಮನ್ನು ದ್ಯಾಮಮ್ಮ ಗುಜರಿಯವನಿಗೆ ಕೊಟ್ಟಾಗಿತ್ತು. ಗಣಪತಿ ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಉಜ್ಜನಪ್ಪನವರ ಫೋನು ಬಂತು.

"ಏನ್ ಹುಲಿಯಪ್ಪ, ಮಷೀನ್ ಎಲ್ಲಿ ಮಲಗಿತ್ತು ಈ ಸಲ?"

"ಮಲಗಿರ್ಲಿಲ್ಲ ಗೌಡ್ರೆ, ನಿಂತಿತ್ತು. ನಮ್ಮನೆ ಮುಂದೆ, ಶೆಡ್ಡಲ್ಲಿ."

ಉಜ್ಜನಪ್ಪನವರ ಕಣದಲ್ಲಿ ಅದು ಮೊದಲ ಸಲಕ್ಕೇ ಚಾಲೂ ಆಯಿತು. ಅವರ ತಮ್ಮನ ಮನೆಗೂ ಅಲ್ಲಿಂದಲೇ ಹೋಯಿತು.

ಸುಲಿತದ ಕಾಲ ಮುಗಿದು ಅವರು ಮನೆಗೆ ಮರಳಿದ ವಾರ, ಎದುರು ಮನೆಯಿಂದ ಟಕ್ ಟಕ್ ಎಂದು ಸದ್ದು ಕೇಳಿತು. ಹೋಗಿ ನೋಡಿದರೆ ಹುಲಿಯಪ್ಪ ಸ್ಟೂಲಿನ ಮೇಲೆ ನಿಂತು ಜಗಲಿಯ ಗೋಡೆಗೆ ಮೊಳೆ ಹೊಡೆಯುತ್ತಿದ್ದರು. ಸಣ್ಣ ಮೊಳೆಯಲ್ಲ, ಉದ್ದನೆಯದು. ಹೊಡೆದು ಮುಗಿಸಿ, ಎಳೆದು ನೋಡಿ, ಅದಕ್ಕೆ ಒಂದು ಸ್ಪ್ಯಾನರು ನೇತುಹಾಕಿದರು.

"ಶೆಡ್ಡಿನ ನಟ್ಟಿಂದು ಸಾರ್," ಎಂದು ಸ್ವಲ್ಪ ನಾಚಿಕೆಯಿಂದ ಹೇಳಿದರು. "ಬಿಚ್ಚೋ ಹೊತ್ತಿಗೆ ಹುಡುಕಬಾರದಲ್ಲ."

ದ್ಯಾಮಮ್ಮ ಒಳಗಿನಿಂದ ಬಂದು ಮೊಳೆ ನೋಡಿದರು, ಸ್ಪ್ಯಾನರು ನೋಡಿದರು. ಮರುದಿನ ನಾನು ಹೋದಾಗ ಆ ಮೊಳೆಯಲ್ಲಿ ಗಡಿಯಾರವಿತ್ತು. ಸ್ಪ್ಯಾನರು ಫ್ರಿಜ್ಜಿನ ಮೇಲೆ ಮಲಗಿತ್ತು.